ಬೋರ್‌ವೆಲ್ ಇರುವ ಹಳ್ಳಿಮನೆ, ಕೆಳಗೆ ಸುಣ್ಣಕಲ್ಲು: ತಗೋಬಹುದಾ?

ಚಿಂತಾಮಣಿ_ಟು_ಕೆನಡಾ

ಎಲ್ಲರಿಗೂ ನಮಸ್ಕಾರ. ಒಂಟಾರಿಯೊದ ಬ್ರೂಸ್ ಕೌಂಟಿ ಕಡೆ ಒಂದು ಹಳ್ಳಿಮನೆ ನೋಡಿದ್ದೇವೆ. ಊರಿನ ನಲ್ಲಿ ಇಲ್ಲ. ಸ್ವಂತ ಬೋರ್‌ವೆಲ್, ಸ್ವಂತ ಸೆಪ್ಟಿಕ್ ಟ್ಯಾಂಕ್. ಮಾರುವವರು ಹೇಳಿದ್ದು ಇಷ್ಟು: ಬೋರ್ 140 ಅಡಿ, ನೀರು ತಿಳಿಯಾಗಿದೆ, ಕಳೆದ ಆಗಸ್ಟ್‌ನಲ್ಲಿ ಟೆಸ್ಟ್ ಮಾಡಿಸಿದಾಗ ಬ್ಯಾಕ್ಟೀರಿಯಾ ಸೊನ್ನೆ.

ಆದರೆ ಮನೆ ನೋಡಲು ಬಂದ ಇನ್‌ಸ್ಪೆಕ್ಟರ್ ತಮ್ಮ ರಿಪೋರ್ಟ್‌ನಲ್ಲಿ "ಕಾರ್ಸ್ಟ್ ಪ್ರದೇಶ, ಅಂತರ್ಜಲ ಬೇಗ ಕೆಡಬಹುದು" ಅಂತ ಒಂದು ಸಾಲು ಬರೆದಿದ್ದಾರೆ. ಪಕ್ಕದಲ್ಲಿ ದನದ ಫಾರ್ಮ್ ಇದೆ. ಹಿತ್ತಲಿನಾಚೆ ಒಂದು ಗುಂಡಿ. ಹಳೆ ಟೈರು, ತಂತಿ, ಮುರಿದ ಫ್ರಿಜ್ ಎಲ್ಲ ಅದರೊಳಗೆ. ಎಂಥ ಮಳೆ ಬಂದರೂ ಆ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ ಅಂತ ಮಾಲೀಕರು ಹೆಮ್ಮೆಯಿಂದ ಹೇಳಿದರು.

ನಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಬರುತ್ತಾ ಇಲ್ವಾ ಅನ್ನುವುದೇ ಚಿಂತೆ. ಇಲ್ಲಿ ನೀರು ಧಾರಾಳ. ಹಾಗಾದರೆ ತೊಂದರೆ ಏನು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಲ್ಲುಮಣ್ಣು

ಆ ಗುಂಡಿಯಲ್ಲಿ ನಿಲ್ಲದ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾಲೀಕರನ್ನು ಕೇಳಿದಿರಾ? ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಅದು ಸಿಂಕ್‌ಹೋಲ್ ಇರಬಹುದು. ಅಂದರೆ ಅಂತರ್ಜಲಕ್ಕೆ ನೇರವಾಗಿ ತೆರೆದ ಬಾಯಿ.

ಮಳೆನೀರು ಗಾಳಿಯಲ್ಲಿ, ಅದಕ್ಕಿಂತ ಜಾಸ್ತಿ ಮಣ್ಣಿನಲ್ಲಿ, ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಕೂದಲಿನಷ್ಟು ಸಣ್ಣ ಬಿರುಕು ಸಾವಿರಾರು ವರ್ಷ ಕರಗಿ ಬೆರಳು ತೂರುವಷ್ಟಾಗುತ್ತದೆ, ಕೆಲವು ಕಡೆ ಮನುಷ್ಯ ನಡೆದು ಹೋಗುವ ಗುಹೆಯಾಗುತ್ತದೆ. ಅಗಲವಾದ ಬಿರುಕಿಗೆ ಜಾಸ್ತಿ ನೀರು ಬರುತ್ತದೆ, ಜಾಸ್ತಿ ನೀರು ಬಂದಷ್ಟೂ ಅದು ಇನ್ನೂ ಅಗಲವಾಗುತ್ತದೆ. ಹೀಗಾಗಿ ಕೆಲವೇ ದಾರಿಗಳು ದೊಡ್ಡದಾಗುತ್ತಾ ಹೋಗುತ್ತವೆ, ಉಳಿದವು ಸಣ್ಣದಾಗಿಯೇ ಉಳಿಯುತ್ತವೆ. ಇಂಥ ನೆಲಕ್ಕೆ ಕಾರ್ಸ್ಟ್ ಅನ್ನುತ್ತಾರೆ. ನಿಮ್ಮ ಕಡೆ ಕೆಳಗಿರುವುದರಲ್ಲಿ ಡಾಲಮೈಟ್ ಕಲ್ಲೂ ಇದೆ. ಅದು ಸ್ವಲ್ಪ ನಿಧಾನ ಕರಗುತ್ತದೆ, ಆದರೆ ಕರಗುತ್ತದೆ.

ಮರಳು ನೆಲದಲ್ಲಿ ನೀರು ಕಣಗಳ ಮಧ್ಯೆ ದಿನಕ್ಕೆ ಕೆಲವು ಸೆಂಟಿಮೀಟರಿನಿಂದ ಒಂದೆರಡು ಮೀಟರ್ ಸರಿಯುತ್ತದೆ. ದಾರಿಯಲ್ಲಿ ಬ್ಯಾಕ್ಟೀರಿಯಾ ಕಣಗಳಿಗೆ ಅಂಟಿಕೊಳ್ಳುತ್ತದೆ, ಸಾಯುತ್ತದೆ. ಕಾರ್ಸ್ಟ್‌ನಲ್ಲಿ ಅದೇ ನೀರು ದಿನಕ್ಕೆ ನೂರಾರು ಮೀಟರ್, ಜೋರು ಮಳೆಯಲ್ಲಿ ಕಿಲೋಮೀಟರ್‌ಗಟ್ಟಲೆ ಓಡುತ್ತದೆ. ಮರಳು ನೆಲ ಜರಡಿ ಇದ್ದ ಹಾಗೆ, ಇದು ಪೈಪ್ ಇದ್ದ ಹಾಗೆ. ಪೈಪ್ ಏನನ್ನೂ ಸೋಸುವುದಿಲ್ಲ. ಮೇಲೆ ಮಣ್ಣಿನ ಪದರ ದಪ್ಪ ಇದ್ದರೆ ಅಷ್ಟರಮಟ್ಟಿಗೆ ಕಾವಲು. ಬ್ರೂಸ್ ಕೌಂಟಿಯ ಎಷ್ಟೋ ಕಡೆ ಆ ಪದರ ತೀರಾ ತೆಳು.

ತರ್ಲೆ_ತಿಮ್ಮ

ಗುರೂ, ಸುಮ್ನೆ ಹೆದರಿಸಬೇಡಿ. 140 ಅಡಿ ಅಂದರೆ ಕಮ್ಮಿ ಆಳವಾ? ಬ್ರೂಸ್ ಕೌಂಟಿ ಅಂದ ತಕ್ಷಣ ಎಲ್ಲರೂ ವಾಕರ್ಟನ್ ಕಥೆ ತೆಗೆಯುತ್ತಾರೆ, ನೀವೂ ಅಲ್ಲಿಗೇ ಬರುತ್ತೀರಿ ನೋಡಿ. ಅಲ್ಲಿ ತಪ್ಪು ಕಲ್ಲಿನದಲ್ಲ. ನೀರು ಸರಬರಾಜಿನ ಹೊಣೆ ಹೊತ್ತ ಅಣ್ಣತಮ್ಮ ಕ್ಲೋರಿನ್ ಸರಿಯಾಗಿ ಹಾಕದೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆದರು. 2004ರಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು, ಶಿಕ್ಷೆಯೂ ಆಯಿತು. ಕೆಲಸಗಳ್ಳತನಕ್ಕೆ ಭೂವಿಜ್ಞಾನದ ನೆಪ ಯಾಕೆ?

ಚಿಂತಾಮಣಿ_ಟು_ಕೆನಡಾ

ವಾಕರ್ಟನ್‌ನಲ್ಲಿ ಏನಾಯಿತು? ನಾನು ಬಂದು ಮೂರೇ ವರ್ಷ, ಹೆಸರು ಮಾತ್ರ ಕೇಳಿದ್ದೇನೆ.

ಲ್ಯಾಬ್_ಅಕ್ಕ

ನಾನು ಇಲ್ಲಿ ನೀರಿನ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಟ್ರೈನಿಂಗ್‌ನಲ್ಲಿ ಆ ಊರಿನ ವಿಷಯ ತಪ್ಪದೆ ಬರುತ್ತದೆ, ಹಾಗಾಗಿ ನಾನೇ ಹೇಳುತ್ತೇನೆ.

ಸುಮಾರು 5 ಸಾವಿರ ಜನರ ಊರು. 2000ದ ಮೇ 8ರಿಂದ 12ರವರೆಗೆ 134 ಮಿಲಿಮೀಟರ್ ಮಳೆ ಬಿತ್ತು. ಊರಿನ 5ನೇ ಬಾವಿಯ ಪಕ್ಕದ ಹೊಲಕ್ಕೆ ಅದಕ್ಕೆ ಮೊದಲೇ ಸಗಣಿ ಗೊಬ್ಬರ ಹಾಕಿದ್ದರು. ಅದರಲ್ಲಿದ್ದ ಇ-ಕೋಲೈ ಒ157, ಜೊತೆಗೆ ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳು ಮಳೆನೀರಿನೊಡನೆ ಬಾವಿಗೆ ಇಳಿದವು. ಕ್ಲೋರಿನ್ ಸಾಕಾಗಲಿಲ್ಲ. ಕೆಟ್ಟ ಫಲಿತಾಂಶ ಮೇ 17ಕ್ಕೇ ನೀರು ಸರಬರಾಜಿನವರ ಕೈಗೆ ಬಂದಿತ್ತು. ಆರೋಗ್ಯ ಇಲಾಖೆ ಕೇಳಿದರೆ ನೀರು ಸರಿಯಾಗಿದೆ ಅಂದರು. ಕುದಿಸಿ ಕುಡಿಯಿರಿ ಅಂತ ಊರಿಗೆ ಹೇಳಿದ್ದು ಮೇ 21ಕ್ಕೆ. ಅಷ್ಟರಲ್ಲಿ ಆಸ್ಪತ್ರೆಗಳಲ್ಲಿ ರಕ್ತಭೇದಿಯ ಮಕ್ಕಳು ಬರತೊಡಗಿದ್ದರು. ಏಳು ಜನ ಸತ್ತರು. 2,300ಕ್ಕೂ ಹೆಚ್ಚು ಜನರಿಗೆ ಕಾಯಿಲೆ, ಕೆಲವರಿಗೆ ಕಿಡ್ನಿ ತೊಂದರೆ ಆಮೇಲೂ ಬಿಡಲಿಲ್ಲ.

ತಿಮ್ಮಣ್ಣ ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧ ಕಲ್ಲುಮಣ್ಣು ಸರ್ ಹೇಳಲಿ.

ಕಲ್ಲುಮಣ್ಣು

ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನ್ನಿಸ್ ಒ'ಕಾನರ್ ಎರಡೂ ಅರ್ಧಗಳನ್ನು ಬರೆದಿದ್ದಾರೆ. ಆ 5ನೇ ಬಾವಿ ಕೊರೆದದ್ದು 1978ರಲ್ಲಿ. ಮೇಲೆ ಎರಡೂವರೆ ಮೀಟರ್ ಮಣ್ಣು, ಕೇಸಿಂಗ್ (ಮೇಲಿನ ನೀರು ಒಳಗೆ ಬಾರದಂತೆ ಬಾವಿಗೆ ಇಳಿಸುವ ಪೈಪ್) 5 ಮೀಟರ್, ನೀರು ಬರುತ್ತಿದ್ದುದೆಲ್ಲ 5.5ರಿಂದ 7.4 ಮೀಟರ್ ಆಳದ ಒಡೆದ ಕಲ್ಲಿನಿಂದ. ಕೊರೆದಾಗ ಪಂಪ್ ಹಾಕಿ ನೋಡಿದ ಪರೀಕ್ಷೆಯಲ್ಲೇ ಬ್ಯಾಕ್ಟೀರಿಯಾ ಕಂಡಿತ್ತು. ಪಕ್ಕದ ಒರತೆಗಳ ಮೇಲೂ ಪಂಪಿನ ಪರಿಣಾಮ ಆಗಿತ್ತು. ಮೇಲಿನ ನೀರಿಗೂ ಬಾವಿಗೂ ನೇರ ಸಂಬಂಧ ಇದೆ ಅಂತ ಆಗಲೇ ಗೊತ್ತಾಗಬೇಕಿತ್ತು. 22 ವರ್ಷ ಆ ಬಾವಿ ಹಾಗೇ ನಡೆಯಿತು.

ಇನ್ನೊಂದು ಮಾತು. ಆ ರೈತನದು ಏನೂ ತಪ್ಪಿಲ್ಲ, ಗೊಬ್ಬರವನ್ನು ಸರಿಯಾದ ಪದ್ಧತಿಯಲ್ಲೇ ಹಾಕಿದ್ದ ಅಂತ ವರದಿ ಸ್ಪಷ್ಟವಾಗಿ ಹೇಳುತ್ತದೆ. ನನಗೆ ಆ ಇಡೀ ವರದಿಯಲ್ಲಿ ಹೆಚ್ಚು ಕಾಡುವುದು ಇದೇ. ಬೇರೆ ನೆಲದಲ್ಲಿ ಆಗಿದ್ದರೆ ಅದೇ ಗೊಬ್ಬರ, ಅದೇ ಮಳೆ, ಯಾರಿಗೂ ಏನೂ ಆಗದೆ ಇರಬಹುದಿತ್ತು. ಕ್ಲೋರಿನ್ ಕಡೆಯ ಬಾಗಿಲು. ಅದನ್ನು ಮುಚ್ಚದವರಿಗೆ ಶಿಕ್ಷೆ ಆಯಿತು, ಆಗಬೇಕಿತ್ತು. ಉಳಿದ ಬಾಗಿಲುಗಳೆಲ್ಲ ಮೊದಲೇ ತೆರೆದಿದ್ದವು ಅನ್ನುವುದನ್ನು ಮರೆಯಬೇಡಿ ಅಷ್ಟೆ.

ತರ್ಲೆ_ತಿಮ್ಮ

ಒಪ್ಪಿದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಅಲ್ಲಿ ನೀರು ಬರುತ್ತಿದ್ದುದು 24 ಅಡಿಯೊಳಗಿನ ಕಲ್ಲಿನಿಂದ, ಇದು 140 ಅಡಿ.

ಕಲ್ಲುಮಣ್ಣು

ಒಳ್ಳೆ ಪ್ರಶ್ನೆ. ಅದೇ ಊರಲ್ಲಿ 70 ಮೀಟರ್ ದಾಟಿದ ಬಾವಿಗಳೂ ಇದ್ದವು. ದುರಂತದ ನಂತರ ಅವುಗಳ ಸುತ್ತ ಕಂಪ್ಯೂಟರ್ ಮಾಡೆಲ್ ಇಟ್ಟು ಲೆಕ್ಕ ಹಾಕಿದರು, ನೀರು ನಿಧಾನ ಬರುತ್ತದೆ ಅಂತ ಬಂತು. ಕಾರ್ಸ್ಟ್ ತಿಳಿದವರು ನಂಬಲಿಲ್ಲ. ನೂರಾರು ಮೀಟರ್ ಆಚೆಯ ಕೊಳವೆಗಳಲ್ಲಿ ಗುರುತಿನ ಬಣ್ಣ ಬಿಟ್ಟು ನೋಡಿದರು. ಲೆಕ್ಕದ ಪ್ರಕಾರ ತಿಂಗಳುಗಟ್ಟಲೆ ಬೇಕಿದ್ದ ದೂರವನ್ನು ಬಣ್ಣ ಒಂದೆರಡು ದಿನದೊಳಗೆ ದಾಟಿ ಬಾವಿಗೆ ಬಂತು. ಮಾಡೆಲ್ ಇಡೀ ಕಲ್ಲನ್ನು ಒಂದೇ ಥರದ ಮರಳು ಅಂತ ಅಂದುಕೊಂಡಿತ್ತು, ಎಡವಟ್ಟು ಆದದ್ದು ಅಲ್ಲಿ.

ಹಾಗಾಗಿ 140 ಅಡಿ ಅನ್ನುವ ಅಂಕಿ ಒಂದೇ ಸಾಲದು. ಕೇಸಿಂಗ್ ಎಷ್ಟು ಅಡಿ? ಕೇಸಿಂಗ್ 20 ಅಡಿಗೆ ನಿಂತು ಉಳಿದ 120 ಅಡಿ ಬರೀ ಕಲ್ಲಿನ ತೂತಾಗಿದ್ದರೆ, 25 ಅಡಿಯ ಬಿರುಕಿನ ನೀರೂ ನಿಮ್ಮ ಲೋಟಕ್ಕೆ ಬರುತ್ತದೆ. ಒಂಟಾರಿಯೊದಲ್ಲಿ ಬೋರ್ ಕೊರೆದವರು ಸರ್ಕಾರಕ್ಕೆ ವೆಲ್ ರೆಕಾರ್ಡ್ ಕೊಡಬೇಕು. ಅದು ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಮಣ್ಣು ಎಷ್ಟು ಅಡಿ, ಕಲ್ಲು ಎಲ್ಲಿ ಶುರು, ಕೇಸಿಂಗ್ ಎಲ್ಲಿಯವರೆಗೆ, ನೀರು ಯಾವ ಅಡಿಯಲ್ಲಿ ಸಿಕ್ಕಿತು, ಎಲ್ಲ ಅದರಲ್ಲಿ ಇರುತ್ತದೆ. ಮೊದಲು ಅದನ್ನು ತೆಗೆಸಿ.

ಬೋಲಿಂಗ್‌ಗ್ರೀನ್_ಭಟ್ರು

ನಾನು ಕೆಂಟಕಿಯಲ್ಲಿದ್ದೇನೆ. ನಮ್ಮ ಇಡೀ ಊರೇ ಗುಹೆಗಳ ಮೇಲೆ ಕೂತಿದೆ. ರಸ್ತೆಯ ಮಳೆನೀರನ್ನು ಇಲ್ಲಿ ನೆಲಕ್ಕೆ ಕೊರೆದ ಬಾವಿಗಳಿಗೇ ಬಿಡುತ್ತಾರೆ, ಯಾಕೆಂದರೆ ಹರಿದು ಹೋಗಲು ಮೇಲೆ ತೊರೆಗಳೇ ಕಮ್ಮಿ. 1980ರ ದಶಕದಲ್ಲಿ ಇಲ್ಲಿ ಪೆಟ್ರೋಲ್ ಮತ್ತು ಕೆಮಿಕಲ್ ಸೋರಿ ಗುಹೆಯ ಹೊಳೆ ಸೇರಿ, ಅದರ ಆವಿ ನೆಲದ ಬಿರುಕುಗಳಿಂದ ಮನೆಗಳ ಒಳಗೆ ಬಂದಿತ್ತು. ಕಡೆಗೆ ಅಮೆರಿಕದ ಕೇಂದ್ರ ಪರಿಸರ ಇಲಾಖೆಯೇ ಇಳಿಯಬೇಕಾಯಿತು. ಕುಡಿಯುವ ನೀರಷ್ಟೇ ಅಲ್ಲ ಸ್ವಾಮಿ, ಮಲಗುವ ಕೋಣೆಗೂ ಬರುತ್ತದೆ ಅನ್ನುವುದಕ್ಕೆ ಇದನ್ನು ಹೇಳಿದೆ.

ಇಲ್ಲಿಂದ ಸ್ವಲ್ಪ ದೂರ ಹಾರ್ಸ್ ಕೇವ್ ಅಂತ ಊರಿದೆ. ಊರಿನ ಪೇಟೆಬೀದಿ ಪಕ್ಕದಲ್ಲೇ ಹಿಡನ್ ರಿವರ್ ಗುಹೆಯ ದೊಡ್ಡ ಬಾಯಿ. 1916ರಿಂದ ಟಿಕೆಟ್ ಇಟ್ಟು ಜನರನ್ನು ಒಳಗೆ ಕರೆದೊಯ್ಯುತ್ತಿದ್ದರು, ಊರಿಗೆ ಕುಡಿಯುವ ನೀರೂ ಅದರಿಂದಲೇ. ಆಮೇಲೆ ಊರಿನವರು ಕಕ್ಕಸು ನೀರನ್ನು ಸಿಂಕ್‌ಹೋಲ್‌ಗಳಿಗೆ ಬಿಟ್ಟರು. ಹಾಲಿನ ಕಾರ್ಖಾನೆಯ ಕೊಳೆನೀರು ಸೇರಿತು, ಮುಂದೆ ಕ್ರೋಮ್ ಲೇಪನದ ಕಾರ್ಖಾನೆಯ ಲೋಹದ ನೀರೂ ಸೇರಿತು. 1943ರಲ್ಲಿ ಗುಹೆ ಮುಚ್ಚಿತು. ಪೇಟೆಯಲ್ಲಿ ನಿಂತರೆ ಮೂಗು ಮುಚ್ಚಿಕೊಳ್ಳಬೇಕಾದ ಸ್ಥಿತಿ ದಶಕಗಟ್ಟಲೆ ಇತ್ತು. ಗುಹೆಯೊಳಗಿನ ಕಣ್ಣಿಲ್ಲದ ಮೀನುಗಳು ನಾಪತ್ತೆಯಾದವು.

ಜೇಮ್ಸ್ ಕ್ವಿನ್ಲನ್ ಅನ್ನುವ ಜಲವಿಜ್ಞಾನಿ ಮ್ಯಾಮತ್ ಕೇವ್ ರಾಷ್ಟ್ರೀಯ ಉದ್ಯಾನದಲ್ಲಿದ್ದರು. ಈ ಸುತ್ತಿನಲ್ಲಿ ನೂರಾರು ಸಲ ಬಣ್ಣ ಬಿಟ್ಟು ನೀರಿನ ದಾರಿಗಳ ನಕ್ಷೆ ಮಾಡಿದರು. ಹಾರ್ಸ್ ಕೇವ್ ಊರಿನ ಕೊಳೆ ಒಂದು ಒರತೆಯಲ್ಲಲ್ಲ, ಗ್ರೀನ್ ನದಿಯ ದಂಡೆಯ ಹತ್ತಾರು ಒರತೆಗಳಲ್ಲಿ ಹರಡಿ ಹೊರಬರುತ್ತದೆ ಅಂತ ತೋರಿಸಿದರು. 1989ರಲ್ಲಿ ಹೊಸ ಕೊಳಚೆ ಸಂಸ್ಕರಣಾ ವ್ಯವಸ್ಥೆ ಬಂತು. 1993ಕ್ಕೆ ಗುಹೆ ಮತ್ತೆ ತೆರೆಯಿತು. ಈಗ ಮೀನುಗಳೂ ಬಂದಿವೆ, ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.

ಮಲೆನಾಡ_ಮಳೆ

ಬಣ್ಣ ಬಿಡುವುದು ಅಂದರೆ ಏನು? ಕುಡಿಯುವ ನೀರಿಗೆ ಬಣ್ಣ ಹಾಕುವುದು ಅಪಾಯ ಅಲ್ವಾ?

ಕಲ್ಲುಮಣ್ಣು

ಫ್ಲೋರೆಸೀನ್ ಅನ್ನುವ ಹೊಳೆಯುವ ಹಸಿರು ಬಣ್ಣ, ವಿಷವಲ್ಲ. ಕಣ್ಣಿಗೆ ಕಾಣದಷ್ಟು ಕಮ್ಮಿ ಇದ್ದರೂ ಯಂತ್ರ ಹಿಡಿಯುತ್ತದೆ. ಒರತೆಗಳಲ್ಲಿ ಇದ್ದಿಲ ಪೊಟ್ಟಣ ಕಟ್ಟಿಟ್ಟರೆ ಅದು ಬಣ್ಣವನ್ನು ಹೀರಿಕೊಳ್ಳುತ್ತದೆ, ಆಮೇಲೆ ಲ್ಯಾಬ್‌ನಲ್ಲಿ ನೋಡುತ್ತಾರೆ.

ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಒಂದು ಕಡೆ ಸುಣ್ಣಕಲ್ಲಿನೊಳಗೆ ಇಳಿದು ಮಾಯವಾಗುತ್ತದೆ. 1877ರಲ್ಲಿ ಅಡಾಲ್ಫ್ ಕ್ನೋಪ್ ಅಲ್ಲಿ ಫ್ಲೋರೆಸೀನ್, ಟನ್‌ಗಟ್ಟಲೆ ಉಪ್ಪು, ಜೊತೆಗೆ ವಾಸನೆಯ ಎಣ್ಣೆ ಮೂರನ್ನೂ ಸುರಿದರು. ಸುಮಾರು 12 ಕಿ.ಮೀ. ದೂರದ ಆಖ್ ಒರತೆಯಲ್ಲಿ ಎರಡೂವರೆ ದಿನಕ್ಕೆ ಹಸಿರು, ಉಪ್ಪುಪ್ಪು, ಎಣ್ಣೆ ವಾಸನೆಯ ನೀರು ಬಂತು. ಆಖ್ ನೀರು ಸೇರುವುದು ರೈನ್ ನದಿಗೆ. ಅಂದರೆ ಒಂದು ನದಿಯ ನೀರು ನೆಲದಡಿಯಿಂದ ಇನ್ನೊಂದು ನದಿಗೆ ಹೋಗುತ್ತಿದೆ. ಮೇಲಿನ ಗುಡ್ಡ ನೋಡಿ, ಇಳಿಜಾರು ನೋಡಿ, ನೀರು ಇತ್ತಲಿಂದ ಅತ್ತ ಹೋಗುತ್ತದೆ ಅಂತ ಕಾರ್ಸ್ಟ್‌ನಲ್ಲಿ ಹೇಳಲು ಬರುವುದಿಲ್ಲ. ಪಕ್ಕದ ಫಾರ್ಮ್ ತಗ್ಗಿನಲ್ಲಿದೆ, ನಮಗೇನೂ ಆಗಲ್ಲ ಅನ್ನುವ ಧೈರ್ಯವೂ ಬೇಡ.

ಬೇಕಂತ ಮಾಡದ ಪ್ರಯೋಗವೂ ಒಂದಿದೆ. 1901ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಪಾಂಟಾರ್ಲಿಯೆ ಊರಿನ ಪರ್ನೊ ಮದ್ಯದ ಕಾರ್ಖಾನೆಗೆ ಸಿಡಿಲು ಬಡಿದು ಬೆಂಕಿ ಬಿತ್ತು. ಪಾತ್ರೆಗಳು ಸಿಡಿದಾವು ಅಂತ ಸೋಂಪಿನ ವಾಸನೆಯ ಆಬ್ಸಿಂತ್ ಮದ್ಯವನ್ನು ಡೂ ನದಿಗೆ ಹರಿಸಿಬಿಟ್ಟರು. ಒಂದೆರಡು ದಿನದಲ್ಲಿ ಹತ್ತು ಕಿ.ಮೀ.ಗೂ ಆಚೆಯ ಲೂ ನದಿಯ ಮೂಲ ಒರತೆಯಲ್ಲಿ ಸೋಂಪಿನ ಘಮ. ಎರಡು ನದಿಗಳಿಗೂ ಒಳಗಿಂದೊಳಗೆ ನಂಟು ಇರುವುದು ಆಗ ಗೊತ್ತಾಯಿತು.

ತರ್ಲೆ_ತಿಮ್ಮ

ಆ ಒರತೆಯ ವಿಳಾಸ ಸ್ವಲ್ಪ ಕಳಿಸಿ ಸರ್. ಮನೆ ಅಲ್ಲೇ ತಗೋಳೋಣ.

ಲ್ಯಾಬ್_ಅಕ್ಕ

😀 ತಿಮ್ಮಣ್ಣ, ನಿಮಗೆ ಬರುವುದು ಸಗಣಿ ನೀರೇ.

ಈಗ ಆಗಸ್ಟ್ ಟೆಸ್ಟ್ ವಿಷಯ. ಅದು ಸುಳ್ಳು ಅನ್ನುತ್ತಿಲ್ಲ, ಆದರೆ ಒಣ ದಿನದಲ್ಲಿ ತೆಗೆದ ಒಂದು ಸ್ಯಾಂಪಲ್ ಕಾರ್ಸ್ಟ್ ಬಾವಿಯ ಬಗ್ಗೆ ಪೂರ್ತಿ ಹೇಳುವುದಿಲ್ಲ. ಮಳೆ ಇಲ್ಲದಾಗ ಸಣ್ಣ ಬಿರುಕುಗಳಿಂದ ನಿಧಾನ ಬರುವ ಹಳೆ ನೀರು ಇರುತ್ತದೆ. ಜೋರು ಮಳೆ ಬಂದಾಗ, ಮಾರ್ಚ್-ಏಪ್ರಿಲ್‌ನಲ್ಲಿ ಹಿಮ ಕರಗುವಾಗ, ಮೇಲಿನ ನೀರು ಒಂದೇ ಸಲ ನುಗ್ಗುತ್ತದೆ. ಗುಹೆಗಳ ತಳದಲ್ಲಿ ಕೂತ ಹಳೆ ಕೆಸರೂ ಆಗ ಎದ್ದು ಬರುತ್ತದೆ. ಹೊಲಸು ಬರುವುದು ಆ ಕೆಲವು ಗಂಟೆ, ಕೆಲವು ದಿನ. ವರ್ಷಕ್ಕೊಂದು ಸ್ಯಾಂಪಲ್ ತೆಗೆದರೆ ಅದು ತಪ್ಪಿಸಿಕೊಳ್ಳುವುದೇ ಜಾಸ್ತಿ. ಮಳೆ ಬಿದ್ದ ಮರುದಿನ ತೆಗೆಸಿ. ಮಳೆಯ ನಂತರ ನೀರು ಸ್ವಲ್ಪ ಕದಡಿದರೂ ಸಾಕು, ಮೇಲಿನ ನೀರು ಸೇರುತ್ತಿದೆ ಅಂತ ಲೆಕ್ಕ.

ಇಲ್ಲಿ ಖಾಸಗಿ ಬಾವಿಯ ನೀರನ್ನು ಸರ್ಕಾರದ ಲ್ಯಾಬ್ ಬ್ಯಾಕ್ಟೀರಿಯಾಗೆ ಉಚಿತವಾಗಿ ನೋಡುತ್ತದೆ. ಬಾಟಲಿ ಆರೋಗ್ಯ ಕಚೇರಿಯಲ್ಲಿ ಸಿಗುತ್ತದೆ. ಆದರೆ ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್ ಪರೀಕ್ಷೆ ಅದರಲ್ಲಿ ಸೇರಿಲ್ಲ, ದುಡ್ಡು ಕೊಟ್ಟು ಬೇರೆ ಲ್ಯಾಬ್‌ನಲ್ಲಿ ಮಾಡಿಸಬೇಕು. ಗೊಬ್ಬರದ ಹೊಲ ಪಕ್ಕದಲ್ಲಿದ್ದರೆ ಅದನ್ನು ಬಿಡಬೇಡಿ. ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್, ಇಂಡಿಯಾದಲ್ಲೂ ಅಷ್ಟೇ. ಮನೆಯಲ್ಲಿ ಹಸುಗೂಸು ಇದ್ದರೆ ಇದು ತುಂಬಾ ಮುಖ್ಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಚಿಂತಾಮಣಿ_ಟು_ಕೆನಡಾ

ಮನೆಯಲ್ಲಿ ಎಂಟು ತಿಂಗಳ ಮಗು ಇದೆ ಅಕ್ಕ. ಬ್ಯಾಕ್ಟೀರಿಯಾ ಕೊಲ್ಲುವ ಯುವಿ ಲೈಟ್ ಹಾಕಿಸಿದರೆ ಆಯಿತು, ಚಿಂತೆ ಇಲ್ಲ ಅಂತ ಏಜೆಂಟ್ ಹೇಳುತ್ತಿದ್ದಾರೆ.

ಲ್ಯಾಬ್_ಅಕ್ಕ

ಯುವಿ ಒಳ್ಳೆಯದೇ, ಆದರೆ ನೀರು ಕದಡಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ. ಕಾರ್ಸ್ಟ್‌ನಲ್ಲಿ ನೀರು ಕದಡುವುದು ಯಾವಾಗ? ಬ್ಯಾಕ್ಟೀರಿಯಾ ಬರುವ ದಿನವೇ! ನೀರು ಯುವಿಗೆ ಹೋಗುವ ಮುಂಚೆ ಕೆಸರು ಹಿಡಿಯುವ ಸೆಡಿಮೆಂಟ್ ಫಿಲ್ಟರ್ ಇರಲೇಬೇಕು, ಲ್ಯಾಂಪ್ ಹೇಳಿದ ಸಮಯಕ್ಕೆ ಬದಲಿಸಬೇಕು. ನೈಟ್ರೇಟ್‌ಗೂ ಪೆಟ್ರೋಲಿಗೂ ಯುವಿಯಿಂದ ಏನೂ ಆಗುವುದಿಲ್ಲ. ಮಗುವಿನ ಹಾಲಿಗೆ ಫಲಿತಾಂಶ ಬರುವವರೆಗೂ ಬಾಟಲಿ ನೀರು ಬಳಸಿ.

ಮಲೆನಾಡ_ಮಳೆ

ಒಂದು ಅನುಮಾನ. ಗ್ರಾನೈಟ್‌ನಲ್ಲೂ ಬಿರುಕಿನಲ್ಲೇ ನೀರು ಬರುತ್ತದಲ್ಲ. ನಮ್ಮ ಬೆಂಗಳೂರು, ಕೋಲಾರದ ಬೋರ್‌ಗಳೂ ಹೀಗೇ ಅಲ್ವಾ? ಮತ್ತೆ ಯಾಣವೂ ಸುಣ್ಣಕಲ್ಲು ಅಂತ ಕೇಳಿದ್ದೆ.

ಕಲ್ಲುಮಣ್ಣು

ಗ್ರಾನೈಟ್ ಬಿರುಕು ಹೀಗೆ ಕರಗಿ ಅಗಲವಾಗುವುದಿಲ್ಲ. ಅದರ ಮೇಲೆ ಕೊಳೆತ ಕಲ್ಲಿನ, ಮಣ್ಣಿನ ಪದರವೂ ಸಾಮಾನ್ಯವಾಗಿ ಇರುತ್ತದೆ. ಹಾಗಂತ ಗ್ರಾನೈಟ್ ಬೋರ್ ಕೆಡುವುದಿಲ್ಲ ಅಂತಲ್ಲ, ಬೆಂಗಳೂರಿನ ಕೊಳಚೆ ಎಷ್ಟೋ ಬೋರ್‌ಗೆ ಇಳಿದಿದೆ. ವೇಗ ಮತ್ತು ದೂರದಲ್ಲಿ ವ್ಯತ್ಯಾಸ. ಯಾಣ ಹೌದು, ಸುಣ್ಣಕಲ್ಲಿನದೇ.

ಡ್ಯಾನ್ಯೂಬ್_ದಂಡೆ

ಚರ್ಚೆ ಪೂರ್ತಿ ಭಯದ ಕಡೆ ವಾಲುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ವಿಯೆನ್ನಾದಲ್ಲಿದ್ದೇನೆ. ಇಡೀ ಊರು ಕುಡಿಯುವುದು ಕಾರ್ಸ್ಟ್ ನೀರನ್ನೇ, ನಲ್ಲಿಯಿಂದ ನೇರ ಲೋಟಕ್ಕೆ. ಆಲ್ಪ್ಸ್‌ನ ಸುಣ್ಣಕಲ್ಲಿನ ಬೆಟ್ಟಗಳ ಒರತೆಗಳಿಂದ 1873ರಲ್ಲಿ ಮೊದಲ ಕಾಲುವೆ, 1910ರಲ್ಲಿ ಎರಡನೆಯದು ಬಂತು. ಗುಟ್ಟು ಇಷ್ಟೇ: ಒರತೆಗೆ ನೀರು ಕೊಡುವ ಬೆಟ್ಟ, ಕಾಡುಗಳಲ್ಲಿ ಬಹುಪಾಲನ್ನು ನಗರವೇ ಕೊಂಡು ಕಾಯುತ್ತಿದೆ. ಅಲ್ಲಿ ಏನು ಮಾಡಬಹುದು ಅನ್ನುವುದಕ್ಕೆ ಕಟ್ಟುನಿಟ್ಟು ಇದೆ. ನೀರು ಬಂದ ಮೇಲೆ ತೊಳೆಯುವುದಕ್ಕಿಂತ ಮೇಲೆಯೇ ಹೊಲಸು ಬೀಳದಂತೆ ನೋಡಿಕೊಂಡರು.

ಬೋಲಿಂಗ್‌ಗ್ರೀನ್_ಭಟ್ರು

ವಿಯೆನ್ನಾಗೆ ಬೆಟ್ಟ ಕೊಳ್ಳುವ ಶಕ್ತಿ ಇತ್ತು. ನಮ್ಮ ಚಿಂತಾಮಣಿ ತಮ್ಮ ಪಕ್ಕದ ದನದ ಫಾರ್ಮ್ ಕೊಳ್ಳಲು ಆಗುತ್ತಾ?

ಕಲ್ಲುಮಣ್ಣು

ಆಗುವುದಿಲ್ಲ, ಅದೇ ಕಷ್ಟ. ವಾಕರ್ಟನ್ ನಂತರ ಒಂಟಾರಿಯೊ 2002ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ, 2006ರಲ್ಲಿ ನೀರಿನ ಮೂಲವನ್ನೇ ಕಾಯುವ ಇನ್ನೊಂದು ಕಾಯ್ದೆ ತಂದಿತು. ಆದರೆ ಅವು ಮುಖ್ಯವಾಗಿ ಊರಿನ ಬಾವಿಗಳಿಗೆ. ಒಂಟಿಮನೆಯ ಬೋರ್‌ಗೆ ಕಾವಲು ಮನೆಯವರೇ. ಸೆಪ್ಟಿಕ್‌ನಂಥವುಗಳಿಂದ ಬೋರ್ 15 ಮೀಟರ್ ದೂರ ಇರಬೇಕು, ಕೇಸಿಂಗ್ 6 ಮೀಟರ್‌ಗಿಂತ ಕಮ್ಮಿ ಇದ್ದರೆ 30 ಮೀಟರ್, ಇದು ಇಲ್ಲಿನ ನಿಯಮ. ಮಣ್ಣು ಸೋಸುವ ನೆಲಕ್ಕೆ ಆ ಅಳತೆ ಸರಿ. ದಿನಕ್ಕೆ ನೂರಾರು ಮೀಟರ್ ಓಡುವ ನೀರಿಗೆ 15 ಮೀಟರ್ ಯಾವ ಲೆಕ್ಕ?

ನನ್ನನ್ನು ಕೇಳಿದರೆ: ವೆಲ್ ರೆಕಾರ್ಡ್ ನೋಡಿ, ಮಳೆಯ ಮರುದಿನದ ಟೆಸ್ಟ್ ಮಾಡಿಸಿ, ಗುಂಡಿ ಖಾಲಿ ಮಾಡಿಸುವುದು ಮಾರುವವರ ಖರ್ಚು ಅಂತ ಕರಾರಿನಲ್ಲೇ ಬರೆಸಿ. ಗುಂಡಿಗೆ ಮಣ್ಣು ತುಂಬಿ ಮುಚ್ಚಲು ಮಾತ್ರ ಬಿಡಬೇಡಿ, ಒಳಗಿರುವುದು ಒಳಗೇ ಉಳಿಯುತ್ತದೆ. ಕಸ ತೆಗೆದು, ಸುತ್ತ ಹತ್ತಿಪ್ಪತ್ತು ಮೀಟರ್ ಹುಲ್ಲು ಬೆಳೆಯಲು ಬಿಡಿ. ಮಣ್ಣು ಐದಾರು ಅಡಿ ಮಾತ್ರ, ಕೇಸಿಂಗ್ ಗಿಡ್ಡ, ಮಳೆಯ ನಂತರ ಇ-ಕೋಲೈ ಬಂತು, ಮೂರೂ ಸೇರಿದರೆ ನಾನಂತೂ ಆ ಮನೆ ಬಿಡುತ್ತೇನೆ.

ಸೇಡಂ_ಹುಡುಗ

ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಸರ್, ನಮ್ಮದು ಕಲಬುರಗಿ ಜಿಲ್ಲೆ. ಶಹಾಬಾದ್ ಪರಸಿ ಬರುವುದು ನಮ್ಮ ನೆಲದಿಂದಲೇ. ಮನೆ ನೆಲಕ್ಕೆಲ್ಲ ಅದೇ ಸುಣ್ಣಕಲ್ಲು, ಸಿಮೆಂಟ್ ಫ್ಯಾಕ್ಟರಿಗಳಿಗೂ ಅದೇ. ಬೋರ್ ಕೊರೆಯುವಾಗ ಒಮ್ಮೊಮ್ಮೆ ಬಿಟ್ ದಬಕ್ಕನೆ ಒಂದೆರಡು ಅಡಿ ಇಳಿಯುತ್ತದೆ. ಪೊಳ್ಳು ಸಿಕ್ಕಿತು, ಇನ್ನು ನೀರು ಗ್ಯಾರಂಟಿ ಅಂತ ಲಾರಿಯವರು ಖುಷಿಪಡುತ್ತಾರೆ. ನಮ್ಮ ಊರ ಪಕ್ಕದ ಹಳೆ ಕ್ವಾರಿಯಲ್ಲಿ ಈಗ ಊರ ಕಸ ಹಾಕುತ್ತಾರೆ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿಯೂ ಬರುತ್ತದೆ. ಇದು ಅದೇ ಕಥೆನಾ?

ಕಲ್ಲುಮಣ್ಣು

ತಮ್ಮಾ, ಭೀಮಾ ಕಡೆಯ ಸುಣ್ಣಕಲ್ಲು, ಬಾಗಲಕೋಟೆ-ಲೋಕಾಪುರದ ಸುಣ್ಣಕಲ್ಲು ಎಲ್ಲ ಕಡೆ ಗುಹೆಯಾಗಿಲ್ಲ. ಪದರ ಪದರವಾಗಿ ಗಟ್ಟಿಯಾಗಿರುವ ಜಾಗ ಎಷ್ಟೋ ಇದೆ. ಕರಗಿ ಪೊಳ್ಳಾದ ಜಾಗಗಳೂ ಇವೆ. ಬಿಟ್ ದಬಕ್ಕನೆ ಇಳಿಯಿತು ಅಂದರೆ ಅಲ್ಲಿ ಪೊಳ್ಳು ಇದೆ ಅಂತಲೇ. ಲಾರಿಯವರ ಖುಷಿ ಸರಿ, ಆದರೆ ನೀರು ಸುಲಭವಾಗಿ ಬರುವ ದಾರಿಯಲ್ಲಿ ಹೊಲಸೂ ಸುಲಭವಾಗಿ ಬರುತ್ತದೆ.

ಕ್ವಾರಿ ವಿಷಯ ಇನ್ನೂ ಗಂಭೀರ. ಮೇಲಿನ ಮಣ್ಣನ್ನು ಪೂರ್ತಿ ಕೆತ್ತಿ ತೆಗೆದಿರುತ್ತಾರೆ, ಸೋಸುವ ಒಂದೇ ಪದರ ಹೋಯಿತು. ಗುಂಡಿಯ ತಳ ನೀರಿನ ಮಟ್ಟಕ್ಕೆ ಹತ್ತಿರ. ಅದರೊಳಗೆ ಕಕ್ಕಸು ನೀರು ಸುರಿದರೆ ಬೋರ್‌ಗೆ ಸುರಿದ ಹಾಗೇ. ಅದು ಯಾವ ಬೋರ್‌ಗೆ ಹೋಗುತ್ತದೆ ಅಂತ ಹೇಳಲು ಬಣ್ಣ ಬಿಟ್ಟೇ ನೋಡಬೇಕು. ಅದಕ್ಕೆ ಮೊದಲು ಗಾಡಿ ನಿಲ್ಲಬೇಕು.

ಸೇಡಂ_ಹುಡುಗ

ಪಂಚಾಯಿತಿಯಲ್ಲಿ ಹೇಳಿದರೆ ಸಾಕ್ಷಿ ಏನು ಅಂತ ಕೇಳುತ್ತಾರೆ. ಬೇಸಿಗೆಯಲ್ಲಿ ಟೆಸ್ಟ್ ಮಾಡಿಸಿ, ನೀರು ಚೊಕ್ಕ ಇದೆ ಅಂತ ಕಾಗದ ತೋರಿಸುತ್ತಾರೆ.

ಲ್ಯಾಬ್_ಅಕ್ಕ

ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತದೆ, ಜಲ ಜೀವನ್ ಮಿಷನ್ ಕೆಲಸ ನಡೆದ ಊರುಗಳಲ್ಲಿ ನೀರು ಪರೀಕ್ಷೆಯ ಕಿಟ್ ಜೊತೆ ಕೊಟ್ಟಿರುತ್ತಾರೆ, ಕೇಳಿ ನೋಡಿ. ಗುರುತಿನವರೆಗೂ ನೀರು ತುಂಬಿಸಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಹೊಲಸು ಸೇರಿರಬಹುದು ಅಂತ. ಕ್ವಾರಿ ಸುತ್ತಲಿನ ಮೂರ್ನಾಲ್ಕು ಬೋರ್‌ಗಳಿಂದ ಈಗ ಒಂದು ಸಲ, ಜುಲೈನ ದೊಡ್ಡ ಮಳೆಯ ಮರುದಿನ ಒಂದು ಸಲ ತುಂಬಿಸಿ. ಪ್ರತಿ ಬಾಟಲಿ ಮೇಲೆ ಬೋರ್ ಯಾರದು, ದಿನಾಂಕ ಯಾವುದು ಅಂತ ಬರೆಯಿರಿ, ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಮಳೆಯ ಬಾಟಲಿ ಕಪ್ಪಾದರೆ ಅದೇ ಬೋರಿನ ನೀರನ್ನು ಜಿಲ್ಲಾ ಲ್ಯಾಬ್‌ಗೆ ಐಸ್ ಡಬ್ಬಿಯಲ್ಲಿ ಕಳಿಸಿ, ಬರೆದ ರಿಪೋರ್ಟ್ ತಗೊಳ್ಳಿ. ಬಾಟಲಿಯನ್ನು ಪಂಚಾಯಿತಿಯವರು ಅಲ್ಲಗಳೆಯಬಹುದು, ಲ್ಯಾಬ್ ಸೀಲ್ ಇರುವ ಕಾಗದವನ್ನು ಅಷ್ಟು ಸುಲಭವಾಗಿ ಆಗುವುದಿಲ್ಲ.

ಸೇಡಂ_ಹುಡುಗ

ಆಯ್ತು ಅಕ್ಕ. ಬಾಟಲಿ ಅಂಗನವಾಡಿಯಲ್ಲಿ ಇದ್ದ ಹಾಗಿದೆ, ನಾಳೆ ಕೇಳುತ್ತೇನೆ.